ಜ್ವರದವರಿಗೆ ರಸವಿಲ್ಲವೇ?

ನಮ್ಮ ಸಿನಿಮಾ ಬಳಗದಲ್ಲಿ ಒಬ್ಬರು ಹಿರಿಯ ಮಿತ್ರರಿದ್ದಾರೆ. ಸತ್ಯಜಿತ್ ರಾಯ್ ಚಿತ್ರಗಳ ಒಂದೊಂದು ಶಾಟೂ ಅವರಿಗೆ ಬಾಯಿಪಾಠ. ಜ್ವರ ಬಂದಾಗ ನಾನು ‘ಗಣೇಶನ ಮದುವೆ’ ಹಾಕಿಕೊಂಡು ಮಲಗುತ್ತೇನೆ ಎಂದದ್ದಕ್ಕೆ ಅವರು ನಕ್ಕು, “ಅದು ಸಿನಿಮಾ ನೋಡೋದಲ್ಲ ಮಾರಾಯ್ರೆ, ಗಂಜಿ ಕುಡಿಯೋದು. ಗಂಜಿಗೆ ಯಾರಾದ್ರೂ ವಿಮರ್ಶೆ ಬರೀತಾರಾ?” ಎಂದರು. ಮಾತು ಚೆನ್ನಾಗಿತ್ತು, ಅದಕ್ಕೇ ಸಿಟ್ಟು ಬಂತು. ಮೈಯಲ್ಲಿ ಏನೂ ನೋವಿಲ್ಲದವನು ಮಾತ್ರ ನಿಜವಾದ ಪ್ರೇಕ್ಷಕ, ಉಳಿದವರದ್ದೆಲ್ಲ ಬರೀ ಹೊತ್ತು ಕಳೆಯುವ ಉಪಾಯ ಎಂಬ ತೀರ್ಪು ಆ ನಗುವಿನೊಳಗೆ ಕೂತಿತ್ತು.

ಈ ತೀರ್ಪಿಗೆ ಬೆಂಬಲ ಬೇಕೆಂದರೆ ಪಶ್ಚಿಮದಲ್ಲಿ ಬೇಕಾದಷ್ಟು ಸಿಗುತ್ತದೆ. ಜನಪ್ರಿಯ ಸಿನಿಮಾವೆಂದರೆ ಕಾರ್ಖಾನೆಯ ಸರಕು ಎಂದ ಅಡೋರ್ನೊ ಇದ್ದಾನೆ. ಎದುರು ವಾದ ಬೇಕಾದರೆ ಅರಿಸ್ಟಾಟಲನ ಕೆಥಾರ್ಸಿಸ್ ಇದೆ, ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಸವೆದು ಸವೆದು ಈಗ ಅದರಲ್ಲಿ ಏನೂ ಉಳಿದಿಲ್ಲ. ಇವರಿಬ್ಬರೂ ನನ್ನನ್ನು ಕೆಣಕುವುದಿಲ್ಲ. ಕೆಣಕುವವನು ಸಾವಿರ ವರ್ಷದ ಹಿಂದೆ ಕಾಶ್ಮೀರದಲ್ಲಿದ್ದ ಅಭಿನವಗುಪ್ತ. ನನ್ನ ಮಿತ್ರರ ಹಾಸ್ಯದ ಹಿಂದಿರುವ ವಾದವನ್ನು ಅವನಷ್ಟು ಬಿಗಿಯಾಗಿ ಕಟ್ಟಿದವರು ಇನ್ನೊಬ್ಬರಿಲ್ಲ.

ನಾಟ್ಯಶಾಸ್ತ್ರಕ್ಕೆ ಬರೆದ ‘ಅಭಿನವಭಾರತಿ’ ವ್ಯಾಖ್ಯಾನದಲ್ಲಿ ಅವನು ರಸಾಸ್ವಾದಕ್ಕೆ ಅಡ್ಡಬರುವ ಏಳು ವಿಘ್ನಗಳನ್ನು ಹೇಳುತ್ತಾನೆ. ಅವುಗಳಲ್ಲೊಂದು, ಪ್ರೇಕ್ಷಕ ತನ್ನದೇ ಸುಖದುಃಖಗಳಿಗೆ ವಶವಾಗಿರುವುದು. ಮಗನ ಮದುವೆಯ ಸಡಗರವಾಗಲಿ, ಹಲ್ಲುನೋವಾಗಲಿ, ‘ನನ್ನದು’ ಎಂಬುದು ಒಳಗೆ ಕೂತಿರುವ ತನಕ ರಂಗದ ಮೇಲಿನ ಭಾವ ಯಾರದೂ ಅಲ್ಲದ, ಆದ್ದರಿಂದ ಎಲ್ಲರದೂ ಆದ ಭಾವವಾಗುವುದಿಲ್ಲ. ಸಾಧಾರಣೀಕರಣ ನಡೆಯದಿದ್ದರೆ ರಸವಿಲ್ಲ. ಜ್ವರ ಬಂದವನಿಗಿಂತ ಹೆಚ್ಚಾಗಿ ‘ನಾನು, ನನ್ನ ಮೈ’ ಎನ್ನುವವನು ಯಾರಿದ್ದಾನೆ? ನನಗೆ ಚಿಕೂನ್‌ಗುನ್ಯ ಆಗಿದ್ದಾಗ ಬೆರಳು ಮಡಚಲಾಗುತ್ತಿರಲಿಲ್ಲ, ಲೋಟ ಎತ್ತಿದರೆ ಮಣಿಕಟ್ಟು ಚೀರುತ್ತಿತ್ತು. ಇಡೀ ಜಗತ್ತು ನನ್ನ ಕೀಲುಗಳ ಗಾತ್ರಕ್ಕೆ ಇಳಿದಿತ್ತು.

ಆದರೂ ನಾನು ಸುಮ್ಮನೆ ಒಪ್ಪಲಾರೆ. ಅಭಿನವಗುಪ್ತ ವಿಘ್ನ ಹೇಳಿ ಕೈಬಿಡುವವನಲ್ಲ, ಪರಿಹಾರವನ್ನೂ ಹೇಳುತ್ತಾನೆ: ಹಾಡು, ವಾದ್ಯ, ಅಲಂಕರಿಸಿದ ಮಂಟಪ, ಚತುರ ಗಣಿಕೆಯರು. ಅರಸಿಕನ ಎದೆಯೂ ತಿಳಿಯಾಗಲೆಂದೇ ನಾಟ್ಯದಲ್ಲಿ ಇವನ್ನೆಲ್ಲ ಇಟ್ಟಿದೆಯಂತೆ. ಇದು ನನಗೆ ತುಂಬ ದೊಡ್ಡ ಒಪ್ಪಿಗೆಯಾಗಿ ಕಾಣುತ್ತದೆ. ನೆಮ್ಮದಿಯ ಮನಸ್ಸಿನವರೇ ನಾಟಕಕ್ಕೆ ಬರುವುದಾದರೆ ಈ ಏರ್ಪಾಟೆಲ್ಲ ಯಾಕೆ? ಬರುವವರೆಲ್ಲ ಏನೋ ಒಂದನ್ನು ಹೊತ್ತುಕೊಂಡೇ ಬರುತ್ತಾರೆ, ಸಾಲದ ಚಿಂತೆಯೋ, ಸೊಸೆಯ ಮೇಲಿನ ಮುನಿಸೋ. ಅವನು ವ್ಯಾಖ್ಯಾನ ಬರೆಯುತ್ತಿದ್ದ ಆ ಗ್ರಂಥದ ಮೊದಲನೆಯ ಅಧ್ಯಾಯದಲ್ಲೇ ಭರತ, ದುಃಖದಲ್ಲಿ ಬಳಲಿದವರಿಗೆ, ದಣಿದವರಿಗೆ, ಶೋಕದಲ್ಲಿದ್ದವರಿಗೆ ನಾಟ್ಯ ವಿಶ್ರಾಂತಿ ಕೊಡುತ್ತದೆ ಎನ್ನುತ್ತಾನೆ. ಜ್ವರದವರನ್ನು ಬಾಗಿಲಲ್ಲೇ ನಿಲ್ಲಿಸಿ ಎಂದು ಅವನು ಎಲ್ಲೂ ಹೇಳಿಲ್ಲ.

ಇಲ್ಲಿಗೆ ಗೆದ್ದೆ ಅಂದುಕೊಳ್ಳುವಾಗ ನೆನಪು ಅಡ್ಡ ಬರುತ್ತದೆ. ಆ ಚಿಕೂನ್‌ಗುನ್ಯದ ದಿನಗಳಲ್ಲಿ ನಾನು ನಿಜಕ್ಕೂ ಮಾಡಿದ್ದೇನು? ಫಣಿ ರಾಮಚಂದ್ರ 1990ರಲ್ಲಿ ಮಾಡಿದ ಆ ‘ಗಣೇಶನ ಮದುವೆ’ಯಲ್ಲಿ ಒಂದು ವಠಾರ. ಅನಂತನಾಗ್ ಮತ್ತು ವಿನಯಾಪ್ರಸಾದ್ ಎದುರೆದುರು ಸಿಕ್ಕಾಗ ಕಚ್ಚಾಡುತ್ತಾರೆ, ಕಾಗದಗಳಲ್ಲಿ ಮಾತ್ರ ಬೇರೆ ಹೆಸರಿನಲ್ಲಿ ಒಬ್ಬರನ್ನೊಬ್ಬರು ಪ್ರೀತಿಸುತ್ತಾರೆ. ಈ ಗುಟ್ಟು ಎಷ್ಟು ಜಾಣ್ಮೆಯಿಂದ ಹೆಣೆದದ್ದು ಎಂದು ಆರೋಗ್ಯವಾಗಿದ್ದಾಗ ಯಾರನ್ನು ಬೇಕಾದರೂ ಕೂರಿಸಿಕೊಂಡು ವಿವರಿಸುತ್ತೇನೆ. ಜ್ವರದಲ್ಲಿ ಆ ಗುಟ್ಟಿನ ಗೋಜಿಗೇ ಹೋಗಲಿಲ್ಲ. ಮಧ್ಯೆ ನಿದ್ದೆ ಹೋಗುತ್ತಿದ್ದೆ, ಎಚ್ಚರವಾದಾಗ ಕಥೆ ಎಲ್ಲಿದ್ದರೂ ಸರಿಯೇ. ನನಗೆ ಬೇಕಿದ್ದದ್ದು ಮುಖ್ಯಮಂತ್ರಿ ಚಂದ್ರು ಅವರ ಗದರುವ ದನಿ, ಬಾಗಿಲು ತೆಗೆದಿಟ್ಟ ಮನೆಗಳು, ಯಾರೋ ಇನ್ಯಾರನ್ನೋ ಕೂಗುವುದು. ಪಕ್ಕದ ಕೋಣೆಯಲ್ಲಿ ಮನೆಮಂದಿ ಇದ್ದಾರೆ ಎಂಬ ಧೈರ್ಯ ಅದು. ಅದನ್ನು ಹಾಸ್ಯರಸ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ. ಅದೂ ಅಲ್ಲದೆ ಅಭಿನವಗುಪ್ತನ ಪರಿಹಾರ ಕೆಲಸ ಮಾಡುವುದು ಮಂಟಪದಲ್ಲಿ, ನೂರು ಜನರ ನಡುವೆ. ನಾನು ಒಬ್ಬನೇ ಹೊದ್ದುಕೊಂಡು ಮಲಗಿದ್ದೆ, ಫೋನು ತಲೆದಿಂಬಿಗೆ ಒರಗಿತ್ತು, ಕೆಮ್ಮು ಬಂದಾಗ ಅನಂತನಾಗ್ ನಿಂತು ಕಾಯುತ್ತಿದ್ದರು. ಇಷ್ಟನ್ನು ಅವನಿಗೆ ಬಿಟ್ಟುಕೊಡಲೇಬೇಕು.

ಬಿಟ್ಟುಕೊಟ್ಟು ಮುಗಿಸಬಹುದಿತ್ತು, ಅಮ್ಮ ಇರದಿದ್ದರೆ. ಗರ್ಭಕೋಶದ ಶಸ್ತ್ರಚಿಕಿತ್ಸೆ ಆಗಿ ಮನೆಗೆ ಬಂದವಳು ಕೇಳಿದ್ದು ‘ಕಸ್ತೂರಿ ನಿವಾಸ’. ನಾನು ಬೇಡವೆಂದೆ. ಕಾಯಿಲೆಯವರಿಗೆ ನಗಿಸುವ ಚಿತ್ರ ಹಾಕಬೇಕು ಎಂಬುದು ಆರೋಗ್ಯವಂತರ ನಂಬಿಕೆ. ದೊರೆ–ಭಗವಾನ್ ಜೋಡಿಯ 1971ರ ಆ ಚಿತ್ರವೋ, ಕೊಡುತ್ತಲೇ ಬರಿದಾಗುವವನ ಕಥೆ, ಆ ಪಾತ್ರದಲ್ಲಿ ರಾಜ್‌ಕುಮಾರ್. ಅವನ ಪಾರಿವಾಳ ಕೇಳಲು ನೀಲಾ ಎಂಬವಳು ಮನೆಗೆ ಬರುತ್ತಾಳೆ, ಅವಳಿಗೆ ಊಟ ಹಾಕಲೆಂದೇ ಅವನು ಆ ಪಾರಿವಾಳವನ್ನು ಮಾರಿಬಿಟ್ಟಿರುತ್ತಾನೆ. 2014ರಲ್ಲಿ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದ್ದರು, ಅಮ್ಮನಿಗೆ ಆ ಬಣ್ಣದ್ದು ಬೇಡ, ಕಪ್ಪುಬಿಳುಪಿನದೇ ಆಗಬೇಕು. ಹೊಲಿಗೆಯ ಮೇಲೆ ಅಂಗೈ ಒತ್ತಿ ಹಿಡಿದು ಅತ್ತಳು. ಹೊಲಿಗೆ ನೋಯುತ್ತೆ, ಸಾಕಮ್ಮ ಎಂದರೆ, “ಸುಮ್ನಿರೋ. ನಂಗೆ ಅಂತ ಅತ್ರೆ ನೀವೆಲ್ಲ ಹೆದರ್ತೀರ. ಅವ್ನಿಗೆ ಅಂತ ಅತ್ರೆ ಯಾರೇನಂತಾರೆ?” ಎಂದಳು.

ಈ ಮಾತನ್ನು ಎತ್ತಿಕೊಂಡು ನಾನು ಅಭಿನವಗುಪ್ತನ ಮುಂದೆ ಎರಡು ಸಲ ಹೋಗಬಲ್ಲೆ, ಎರಡು ವಿರುದ್ಧ ದಿಕ್ಕುಗಳಿಂದ. ಒಂದು: ನೋಡು, ಹೊಲಿಗೆ ಹಸಿಯಾಗಿರುವಾಗಲೇ ಇವಳು ತನ್ನ ನೋವನ್ನು ದಾಟಿ ಇನ್ನೊಬ್ಬನ ಬರಿದಾಗುವಿಕೆಯನ್ನು ಅನುಭವಿಸಿದಳು. ನಿನ್ನ ಸಾಧಾರಣೀಕರಣಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಇನ್ನೊಂದು: ಇಲ್ಲ, ಇವಳು ಅತ್ತದ್ದು ತನಗಾಗಿಯೇ, ರಾಜ್‌ಕುಮಾರ್ ಬರೀ ನೆಪ. ಮೊದಲನೆಯದಾದರೆ ಕಾಯಿಲೆ ವಿಘ್ನವೇ ಅಲ್ಲ. ಎರಡನೆಯದಾದರೆ ರಸ ಒದಗದೆಯೂ ಕಲೆ ಒಬ್ಬಳ ಎದೆ ಹಗುರ ಮಾಡಿತು, ಆ ಕೆಲಸವನ್ನು ಕಡಿಮೆಯದೆನ್ನಲು ನನಗೆ ಧೈರ್ಯವಿಲ್ಲ. ಯಾವುದು ನಿಜ ಎಂದು ಅಮ್ಮನನ್ನೇ ಕೇಳಿದರೆ, ಎರಡೂ ಹೌದು ಎನ್ನುತ್ತಾಳೆ. ಶಾಸ್ತ್ರಕ್ಕೆ ಅಂಥ ಉತ್ತರ ಒಗ್ಗುವುದಿಲ್ಲ.

ಇನ್ನೊಂದು ಗಂಟನ್ನು ನಾನೇ ಹಾಕಿಕೊಂಡಿದ್ದೇನೆ. ಜ್ವರದಲ್ಲಿ ಹೊಸ ಸಿನಿಮಾ ಹಾಕಿದರೆ, ಅದೆಷ್ಟೇ ತಿಳಿಯಾಗಿರಲಿ, ಸ್ವಲ್ಪ ಹೊತ್ತಿಗೇ ತಲೆ ಸಿಡಿಯುತ್ತದೆ. ಹಿಂದೆ ಮನಸ್ಸಿಟ್ಟು ನೋಡಿದ್ದೇ ಆಗಬೇಕು. ಅಂದರೆ ಕಾಯಿಲೆಯಲ್ಲಿ ಒದಗುವ ಸಮಾಧಾನಕ್ಕೆ ಗಟ್ಟಿಯಾಗಿದ್ದಾಗ ಸವಿದ ಒಂದು ನೋಟದ ಋಣವಿದೆ. ಮೊದಲು ಅಭಿನವಗುಪ್ತನ ಪ್ರೇಕ್ಷಕನಾಗಿರದವನು ಆಮೇಲೆ ನನ್ನ ಪ್ರೇಕ್ಷಕನಾಗಲಾರ ಎಂದಾಯಿತು. ಈ ಲೆಕ್ಕ ಸರಿಹೋಯಿತು ಅಂದುಕೊಂಡು, ‘ಕಸ್ತೂರಿ ನಿವಾಸ’ವನ್ನು ಮೊದಲು ನೋಡಿದ್ದು ಯಾವಾಗ ಎಂದು ಅಮ್ಮನನ್ನು ವಿಚಾರಿಸಿದೆ. ತಾತ ತೀರಿಕೊಂಡು ಸೂತಕ ಕಳೆದ ಮೇಲೆ, ಮೂಲೆ ಹಿಡಿದು ಕೂತಿದ್ದವಳನ್ನು ಅತ್ತಿಗೆ ಬಲವಂತವಾಗಿ ಟಾಕೀಸಿಗೆ ಎಳೆದುಕೊಂಡು ಹೋಗಿದ್ದಳಂತೆ. ಅವಳ ಮಟ್ಟಿಗೆ ವಿಘ್ನವಿಲ್ಲದ ಆ ಮೊದಲ ನೋಟ ಇತ್ತೇ ಎಂಬುದೇ ಈಗ ನನಗೆ ಸಂಶಯ.