ಹಾಳುಕೋಟೆಯ ಮರುಕ

ತೀರ್ಥಹಳ್ಳಿ ಸೀಮೆಯ ಕಾಡಿನೊಳಗಿನ ಕವಲೇದುರ್ಗವನ್ನು ಹತ್ತುವಾಗೆಲ್ಲ ಜೊತೆಯವರು, ‘ಅಯ್ಯೋ, ಎಂಥ ವೈಭವ ಹಾಳಾಯಿತಲ್ಲ’ ಎನ್ನುತ್ತಾರೆ. ನನಗೆ ಆ ಮರುಕ ಪೂರ್ತಿ ಬರುವುದಿಲ್ಲ. ಕೆಳದಿ ಅರಸರ ಈ ಕೋಟೆ ಸುತ್ತಿನೊಳಗೆ ಸುತ್ತು, ಬಾಗಿಲಾದ ಮೇಲೆ ಬಾಗಿಲು. ನನ್ನಂಥ ದಾರಿಹೋಕರನ್ನು ಹೊರಗಿಡಲೆಂದೇ ಕಟ್ಟಿದ್ದು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದು ಆ ಮನೆತನದ ಆಳ್ವಿಕೆ ಮುಗಿಸಿದ. ಅದೆಲ್ಲ ನಡೆಯದೆ ಕೋಟೆ ನೆಟ್ಟಗೆ ನಿಂತಿದ್ದರೆ, ‘ಯಾರ ಕಡೆಯವನಯ್ಯಾ ನೀನು?’ ಎಂದು ಮೊದಲ ಬಾಗಿಲಲ್ಲೇ ತಡೆಯುತ್ತಿದ್ದರು. ಈಗಲೋ, ಅರಮನೆಯ ತಳಪಾಯದ ಮೇಲೆ ಕೂತು ಬುತ್ತಿ ಬಿಚ್ಚುತ್ತೇನೆ. ಹಾಳಾದದ್ದರಿಂದಲೇ ಒಳಬಂದವನು ಹಾಳಿಗಾಗಿ ಕಣ್ಣೀರಿಡುವುದು ನ್ಯಾಯವೇ? ಹಾಗೆಂದು ಹಿಗ್ಗುವುದಕ್ಕೂ ಆಗದು. ಅಡುಗೆಮನೆಯಿದ್ದ ಜಾಗದಲ್ಲಿ ಐದು ಉರಿಯ ಕಲ್ಲಿನ ಒಲೆ ಉಳಿದಿದೆ. ಅದರ ಮುಂದೆ ಬೆಂದವರು ಅರಸರಲ್ಲ. ಆಳ್ವಿಕೆ ಉರುಳಿದ ದಿನ ಅವರ ಅನ್ನವೂ ತಪ್ಪಿರಬೇಕು.