ತೋಟ ಮಾರಿದರೆ ಅಪ್ಪನ ಸಮಾಧಿ ಯಾರದ್ದು?

ಪ್ರಶ್ನೆ: ನಮ್ಮ ಕುಲದಲ್ಲಿ ಹೂಳುವುದೇ ಪದ್ಧತಿ. ತಂದೆಯವರ ಸಮಾಧಿ ಊರಿನ ತೋಟದಲ್ಲಿದೆ. ಪಾಲಾಗುವಾಗ ನಾನು ಹಕ್ಕು ಬಿಟ್ಟು ಸಹಿ ಹಾಕಿದೆ, ತೋಟ ತಮ್ಮನ ಹೆಸರಿಗಾಯಿತು. ಈಗ ಮಾರುತ್ತಾನಂತೆ. ಮಗಳಾದ ನನಗೆ ಸಮಾಧಿಯ ಮೇಲೆ ಅಧಿಕಾರವಿಲ್ಲವೇ? ಪಿತೃದೋಷ ಬರುವುದೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ತಾಯಿ, ಮೊದಲು ದೋಷದ ಮಾತು ಮುಗಿಸಿಬಿಡೋಣ. ಮಣ್ಣು ಕೈಬದಲಾದ ಮಾತ್ರಕ್ಕೆ ಪಿತೃಗಳು ಮುನಿಯುವುದಿಲ್ಲ. ಅವರಿಗೆ ತಲುಪುವುದು ನೀವು ಶ್ರದ್ಧೆಯಿಂದ ಕೊಟ್ಟದ್ದು, ಅದನ್ನು ಬೆಂಗಳೂರಿನ ಮನೆಯಲ್ಲೂ ಕೊಡಬಹುದು. ಹೆದರಿಸಿ ಶಾಂತಿ ಮಾಡಿಸುವವರು ನಮ್ಮ ಜ್ಯೋತಿಷಿಗಳಲ್ಲೇ ಇದ್ದಾರೆ, ಕಿವಿ ಕೊಡಬೇಡಿ.

ಎರಡು ವರ್ಷ ತುಂಬದ ಮಗುವಿಗೆ ಮನುಸ್ಮೃತಿ ಭೂಮಿಯನ್ನೇ ಹೇಳುತ್ತದೆ. ಯತಿಗಳಿಗೂ ಹಾಗೆಯೇ. ಉಳಿದವರಿಗೆ ದಹನ ಎಂದೇ ನಾವು ಪಾಠಶಾಲೆಯಲ್ಲಿ ಓದಿದ್ದು. ಆದರೆ ಕುಲಾಚಾರವೂ ಪ್ರಮಾಣವೇ. ವೀರಶೈವ ಲಿಂಗಾಯತರಲ್ಲೂ ಇನ್ನೂ ಹಲವು ಕುಲಗಳಲ್ಲೂ ಹೂಳುವುದೇ ಸಂಸ್ಕಾರ, ಅದರಲ್ಲಿ ಕೊರತೆಯೇನಿಲ್ಲ.

ಇನ್ನು ಅಧಿಕಾರ. ಕರ್ಮದ ವಿಷಯದಲ್ಲಿ ಶಾಸ್ತ್ರ 'ಅಧಿಕಾರಿ' ಎಂದರೆ ಮಾಡಬೇಕಾದವನು ಅಂತ ಅರ್ಥ, ಒಡೆಯ ಅಂತಲ್ಲ. ಜಮೀನು ತಮ್ಮನದಾಯಿತು, ನಿಜ. ಅಪ್ಪನ ಋಣವನ್ನು ಯಾವ ಪತ್ರದಲ್ಲೂ ಬಿಟ್ಟುಕೊಡಲು ಬರುವುದಿಲ್ಲ, ಅದು ಇಬ್ಬರಿಗೂ ಇದೆ. ಆದರೆ ಈ ಋಣವನ್ನೇ ನಂಬಿಕೊಂಡು ಕೋರ್ಟಿಗೆ ಹೋದರೆ ಕಷ್ಟ. ಸಾಮಾನ್ಯ ಗೃಹಸ್ಥರ ಸಮಾಧಿಪೂಜೆಗೆಂದು ಶಾಶ್ವತವಾಗಿ ಆಸ್ತಿ ಬಿಟ್ಟರೆ ಅದು ಧಾರ್ಮಿಕ ದತ್ತಿಯಾಗದು ಎಂದು ಸುಪ್ರೀಂ ಕೋರ್ಟು 1953ರಲ್ಲೇ ಹೇಳಿದೆ. ಸಂತರ ಮಾತು ಬೇರೆ. ಬೇರೆ ಅಂದೆ, ಆದರೆ ಆನೆಗೊಂದಿಯ ನವಬೃಂದಾವನದಲ್ಲಿ ಆರಾಧನೆ ಯಾರು ಮಾಡಬೇಕೆಂದು ಮಠಗಳೇ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದಾವೆ!

ಒಂದು ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಸಹಿ ಹಾಕಿದ ದಿನ ಸಮಾಧಿಯ ನೆನಪು ತಮ್ಮನಿಗೂ ಬರಲಿಲ್ಲ, ನಿಮಗೂ ಬರಲಿಲ್ಲ. ಈಗ ತಪ್ಪನ್ನೆಲ್ಲ ಅವನ ತಲೆಗೇ ಕಟ್ಟಿದರೆ ಹೇಗೆ? ಯಾಕೆ ಮಾರುತ್ತಿದ್ದಾನೋ ಕೇಳಿದ್ದೀರಾ? ಸಾಲವಿದ್ದರೂ ಇರಬಹುದು.

ಸಮಾಧಿಯಷ್ಟು ಜಾಗವನ್ನೂ ಅಲ್ಲಿಗೆ ಹೋಗುವ ದಾರಿಯನ್ನೂ ಚೆಕ್ಕುಬಂದಿ ಸಮೇತ ಕ್ರಯಪತ್ರದಲ್ಲಿ ಬರೆಸಿ ಉಳಿಸಿಕೊಳ್ಳಿ ಎಂದು ಅವನನ್ನು ಕೇಳಿ. ಕೊಳ್ಳುವವರ ಬಾಯಿಮಾತು ಸಾಲದು, ಅವರೂ ನಾಳೆ ಮಾರಬಹುದು. ಅದೂ ಆಗದಿದ್ದರೆ ಅಧಿಕಾರಿಗಳ ಅನುಮತಿ ಪಡೆದು, ನಿಮ್ಮ ಕುಲದ ಹಿರಿಯರನ್ನು ಮುಂದಿಟ್ಟುಕೊಂಡು, ಅಸ್ಥಿ ತೆಗೆದು ಬೇರೆಡೆ ಇಡಬಹುದು, ಇಲ್ಲವೇ ನದಿಗೆ ಬಿಡಬಹುದು. ಆ ದಿನ ಅಕ್ಕ ತಮ್ಮ ಇಬ್ಬರೂ ಅಲ್ಲಿರಬೇಕು.

ಅಗ್ರಿಮೆಂಟ್ ಆಗುವ ಮುಂಚೆಯೇ ಊರಿಗೆ ಹೋಗಿಬನ್ನಿ. ಮೊದಲ ಸಲವೇ ವಕೀಲರನ್ನು ಕರೆದುಕೊಂಡು ಹೋಗಬೇಡಿ.