ನೀರಿಲ್ಲದ ಸೀಮೆಯೂ ಈಜಿನ ಪಂದ್ಯವೂ

2025ನೆಯ ಇಸವಿಯ ಫೆಬ್ರವರಿ ತಿಂಗಳಲ್ಲಿ ಒಂದು ಸಂಜೆ, ಬಂಗಾರಪೇಟೆಗೂ ಚಿನ್ನದ ಗಣಿಗಳಿಗೂ ನಡುವಣ ಒಂದು ಹಳ್ಳಿಯಲ್ಲಿ, ನಾವು ಒಂದು ಮನೆಯ ಜಗಲಿಯ ಮೇಲೆ ಕುಳಿತಿದ್ದೆವು. ಮನೆಯ ಹುಡುಗನು ವರ್ತಮಾನಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದನು. ಉತ್ತರಾಖಂಡದಲ್ಲಿ ನಡೆದ 38ನೆಯ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ನಮ್ಮ ಕರ್ನಾಟಕದ ಧಿನಿಧಿ ದೇಸಿಂಗು ಎಂಬ ಹದಿನಾಲ್ಕು ವರುಷದ ಹುಡುಗಿಯು ಈಜಿನಲ್ಲಿ ಒಂಬತ್ತು ಚಿನ್ನದ ಪದಕಗಳನ್ನೂ, ಶ್ರೀಹರಿ ನಟರಾಜನೆಂಬ ಯುವಕನು ತಾನೂ ಒಂಬತ್ತನ್ನೂ ಗೆದ್ದರೆಂದು ಅದರಲ್ಲಿ ಬರೆದಿತ್ತು. ಕೇಳಿದವರೆಲ್ಲರೂ ಸಂತೋಷಪಟ್ಟರು. ಆಗ ಮೂಲೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಅಜ್ಜಿಯು ತಲೆ ಎತ್ತಿ, “ಕುಡಿಯಕ್ಕೆ ನೀರು ಕಾಣದ ಸೀಮೆ ನಮ್ದು. ನೀರಾಗೆ ಆಡಿದೋರಿಗೆ ಚಿನ್ನ ಕೊಡ್ತಾರಂತೆ. ಅಯ್ಯನೋರೇ, ಇದ್ಯಾವ ನ್ಯಾಯ?” ಎಂದು ಕೇಳಿದಳು.

ಎಲ್ಲರೂ ನಕ್ಕರು, ನಾವೂ ನಕ್ಕೆವು. ಹಿಂದಿರುಗುವಾಗ ಜೊತೆಗೆ ಬಂದವರೊಬ್ಬರು, ಆ ಅಜ್ಜಿಯ ಮಗಳ ಮಗನು ಎರಡು ವರುಷದ ಕೆಳಗೆ ಕೃಷಿ ಹೊಂಡದಲ್ಲಿ ಬಿದ್ದು ಸತ್ತನೆಂದು ತಿಳಿಸಿದರು. ನಮ್ಮ ನಗುವಿಗಾಗಿ ನಮಗೆ ನಾಚಿಕೆಯಾಯಿತು. ಅಂದಿನಿಂದ ಆ ಪ್ರಶ್ನೆಯು ನಮ್ಮನ್ನು ಬಿಡಲಿಲ್ಲವಾದ ಕಾರಣ ಅದನ್ನು ನಿಮ್ಮ ಮುಂದೆ ಇಡುತ್ತೇವೆ.

ಮೊದಲು ಲೆಕ್ಕವನ್ನೇ ನೋಡೋಣ. ದೊಡ್ಡ ಪಂದ್ಯಗಳು ನಡೆಯುವ ಕೊಳವು 50 ಮೀಟರು ಉದ್ದ, 25 ಮೀಟರು ಅಗಲವಾಗಿರುತ್ತದೆ. ಆಳವನ್ನು ಎರಡೇ ಮೀಟರು ಎಂದು ಹಿಡಿದರೂ ಅದು ತುಂಬಲು 25 ಲಕ್ಷ ಲೀಟರು ನೀರು ಬೇಕು. ಹಳ್ಳಿಯಲ್ಲಿ ಒಬ್ಬ ಮನುಷ್ಯನಿಗೆ ದಿನಕ್ಕೆ 55 ಲೀಟರು ಎಂಬದು ಸರಕಾರದ ಜಲಜೀವನ ಯೋಜನೆಯ ಅಳತೆ. ಈ ಪ್ರಕಾರ, ಸಾವಿರ ಜನರಿರುವ ಒಂದು ಊರು ಆ ಕೊಳದ ನೀರಿನಿಂದ 45 ದಿನ ಬದುಕಬಹುದು. ಅಜ್ಜಿಯ ಮಾತು ಹುಚ್ಚುಮಾತಲ್ಲವೆಂದು ಇದರಿಂದ ಕಾಣುತ್ತದೆ. ಆದರೆ ನ್ಯಾಯವಾಗಿ ಹೇಳಬೇಕಾದರೆ ಇನ್ನೊಂದು ಮಾತೂ ಉಂಟು. ಕೊಳದ ನೀರನ್ನು ಯಾರೂ ಕುಡಿದು ಮುಗಿಸುವದಿಲ್ಲ. ಅದನ್ನೇ ಸೋಸಿ, ಶುದ್ಧಮಾಡಿ, ತಿರುಗಿ ಬಿಡುತ್ತಾರೆ. ದಿನಕ್ಕೆ ಐದು ಮಿಲಿಮೀಟರು ಆವಿಯಾಗಿ ಹೋದರೆ ಕಳೆಯುವದು ಆರು ಸಾವಿರ ಲೀಟರಿಗೆ ತುಸು ಹೆಚ್ಚು. ಒಂದು ಬೋರ್‌ವೆಲ್ಲು ಟೊಮೇಟೊ ತೋಟಕ್ಕೆ ಹರಿಸುವ ನೀರಿನ ಮುಂದೆ ಅದು ದೊಡ್ಡದಲ್ಲ. ಆದಕಾರಣ ಈಜುವವರು ನಮ್ಮ ಬಾಯಿಯ ನೀರನ್ನು ಕಸಕೊಂಡರೆಂದು ದೂರುವದು ಸರಿಯಲ್ಲ. ಅಜ್ಜಿಯ ನೋವು ಲೀಟರಿನ ಲೆಕ್ಕದಲ್ಲಿ ತೀರುವಂಥದೂ ಅಲ್ಲ.

ಚಿನ್ನದ ವಿಷಯವಾಗಿ ಒಂದು ಮಾತು. ಒಲಿಂಪಿಕ್ ಕೂಟದ ಚಿನ್ನದ ಪದಕವು ಸಹ ಬಹುಮಟ್ಟಿಗೆ ಬೆಳ್ಳಿಯೇ. ಮೇಲೆ ಆರು ಗ್ರಾಮಾದರೂ ಚಿನ್ನವಿರಬೇಕೆಂಬದು ನಿಯಮ. ನಮ್ಮ ಗಣಿಗಳಲ್ಲಿ ಕೊನೆಕೊನೆಗೆ ಒಂದು ಟನ್ನು ಕಲ್ಲನ್ನು ಒಡೆದು ಪುಡಿಮಾಡಿದರೆ ಸಿಕ್ಕುತ್ತಿದ್ದದ್ದು ಕೆಲವೇ ಗ್ರಾಮು. ಆರು ಗ್ರಾಮಿಗೆ ಎಷ್ಟು ಬೆವರು ಎಂಬದನ್ನು ಚಾಂಪಿಯನ್ ರೀಫಿನಲ್ಲಿ ಇಳಿದವರ ಮಕ್ಕಳಿಗೆ ನಾವು ಹೇಳಿಕೊಡಬೇಕಾದದ್ದಿಲ್ಲ.

ಈಗ ಮುಖ್ಯವಾದ ಪ್ರಶ್ನೆಗೆ ಬರೋಣ. ಪಂದ್ಯವು ಏನನ್ನು ಅಳೆಯುತ್ತದೆ? ಎಂಟು ಮಂದಿ ಎಂಟು ಓಣಿಗಳಲ್ಲಿ ನಿಲ್ಲುತ್ತಾರೆ. ನೀರು ಒಂದೇ, ದೂರ ಒಂದೇ, ಹೊರಡುವ ಸದ್ದೂ ಒಂದೇ. ಒಬ್ಬರು ಮತ್ತೊಬ್ಬರನ್ನು ಮುಟ್ಟುವಂತಿಲ್ಲ, ತಳ್ಳುವಂತಿಲ್ಲ. ಗೋಡೆಯನ್ನು ಮುಟ್ಟಿದ ಕೂಡಲೆ ಯಂತ್ರವೇ ಕಾಲವನ್ನು ಬರೆಯುತ್ತದೆ. ಅದು ಯಾರ ಜಾತಿಯನ್ನೂ ಕೇಳುವದಿಲ್ಲ, ಯಾರ ತಂದೆಯ ಹೆಸರನ್ನೂ ಕೇಳುವದಿಲ್ಲ. ಇಷ್ಟು ಶುದ್ಧವಾದ ನ್ಯಾಯವು ಕೋರ್ಟಿನಲ್ಲಿಯೂ ಕಚೇರಿಯಲ್ಲಿಯೂ ಸಿಕ್ಕುವದು ಅಪೂರ್ವ.

ಈ ಅಳತೆಯವರಿಗೆ ತಮ್ಮ ಮಿತಿಯೂ ಗೊತ್ತು. 1972ರಲ್ಲಿ ಮ್ಯೂನಿಕ್ ಒಲಿಂಪಿಕ್ಸಿನ 400 ಮೀಟರು ಪಂದ್ಯವೊಂದರಲ್ಲಿ ಸ್ವೀಡನ್ನಿನ ಗುನ್ನಾರ್ ಲಾರ್ಸನ್ನನೂ ಅಮೆರಿಕದ ಟಿಮ್ ಮಕ್ಕೀಯೂ ಒಂದೇ ಕ್ಷಣದಲ್ಲಿ ಗೋಡೆಯನ್ನು ಮುಟ್ಟಿದಂತೆ ಕಂಡಿತು. ಸೆಕೆಂಡಿನ ಸಾವಿರದಲ್ಲಿ ಎರಡು ಪಾಲಿನ ಅಂತರದಿಂದ ಲಾರ್ಸನ್ನನು ಗೆದ್ದನೆಂದು ತೀರ್ಪಾಯಿತು. ಬಳಿಕ ತಿಳಿದವರು ಯೋಚಿಸಿ ನೋಡಿದರು. ಕಟ್ಟಡದವನು ಕೊಳದ ಗೋಡೆಯನ್ನು ಅಷ್ಟು ನಿಖರವಾಗಿ ಕಟ್ಟಲಾರನು. ಒಂದು ಓಣಿಯು ಮತ್ತೊಂದಕ್ಕಿಂತ ಕೂದಲೆಳೆಯಷ್ಟು ಉದ್ದವಿದ್ದರೆ ಆ ಎರಡು ಪಾಲು ಸುಳ್ಳಾಗುವದು. ಆದಕಾರಣ ನೂರರ ಪಾಲಿಗಿಂತ ಸೂಕ್ಷ್ಮವಾಗಿ ಅಳೆಯಬಾರದೆಂದೂ, ಅಷ್ಟರ ತನಕ ಸಮವಾದವರು ಸಮಾನರೇ ಎಂದೂ ಗೊತ್ತುಮಾಡಿದರು. ಈಗ ಹಾಗೆ ಆದರೆ ಇಬ್ಬರಿಗೂ ಚಿನ್ನ. ತಮ್ಮ ಅಳತೆಯು ಎಲ್ಲಿ ನಿಲ್ಲುತ್ತದೆಂದು ತಾವೇ ಒಪ್ಪಿಕೊಂಡವರನ್ನು ನಾವು ಬಹಳವಾಗಿ ಗೌರವಿಸುತ್ತೇವೆ.

ಆದರೆ ಗೋಡೆಯ ಒಂದು ಕೂದಲೆಳೆಗೆ ಇಷ್ಟು ಅಂಜುವವರು, ಆ ಎಂಟು ಓಣಿಗಳ ತನಕ ಬರಲಾರದವರ ವಿಷಯದಲ್ಲಿ ಏನು ಹೇಳುತ್ತಾರೆ? ಈಜು ಬರಬೇಕಾದರೆ ಮೊದಲು ನೀರಿಗೆ ಇಳಿಯಬೇಕು. ನೀರಿಗೆ ಇಳಿಯಬೇಕಾದರೆ ಇಳಿಯಗೊಡಿಸಬೇಕು. ಈ ಪತ್ರಿಕೆಯನ್ನು ಓದುವ ಅನೇಕರ ಅಜ್ಜಂದಿರು ಊರ ಬಾವಿಯ ಕಟ್ಟೆಯನ್ನು ಮುಟ್ಟುವಂತಿರಲಿಲ್ಲ. ಅವರ ಮಕ್ಕಳು ಅದರಲ್ಲಿ ಈಜಾಡುವ ಮಾತೆಲ್ಲಿ? ಬಾಬಾಸಾಹೇಬ ಅಂಬೇಡ್ಕರರು 1927ರ ಮಾರ್ಚಿ 20ರಂದು ಮಹಾಡ ಊರಿನ ಚವದಾರ್ ಕೆರೆಯ ನೀರನ್ನು ಸಾವಿರಾರು ಮಂದಿಯ ಮುಂದೆ ಕೈಯಲ್ಲಿ ಎತ್ತಿ ಕುಡಿದರು. ಅಷ್ಟಕ್ಕೇ ದೊಡ್ಡ ಗಲಭೆಯಾಯಿತು. ಮೇಲಿನವರಲ್ಲಿಯೂ ಇದೇ ರೋಗವು ಬೇರೆ ಬಣ್ಣದಲ್ಲಿತ್ತು. ಕಲಕತ್ತೆಯ ಈಜುಗೊಳದ ಬಿಳಿಯರ ಕ್ಲಬ್ಬು ದೇಶವು ಸ್ವತಂತ್ರವಾದ ಮೇಲೆಯೂ ಹಲವು ವರುಷ ಭಾರತೀಯರಿಗೆ ಬಾಗಿಲು ತೆರೆಯಲಿಲ್ಲ. ಭೂಮಿಯ ಮೇಲೆ ಓಡುವದನ್ನು ಯಾರಿಂದಲೂ ತಡೆಯಲಾಗದು. ನೀರಿಗಾದರೋ ಯಾವಾಗಲೂ ಒಬ್ಬ ಯಜಮಾನನಿದ್ದನು.

ಇಂದು ಯಜಮಾನನ ಸ್ಥಳದಲ್ಲಿ ದೂರವೂ ದುಡ್ಡೂ ನಿಂತಿವೆ. ನೆರೆಯ ನೇಪಾಳ ದೇಶದ ಗೌರಿಕಾ ಸಿಂಗ್ ಎಂಬವಳು 2019ರಲ್ಲಿ ಕಠ್ಮಂಡುವಿನಲ್ಲಿ ನಡೆದ ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲಿ ನಾಲ್ಕು ಚಿನ್ನ ಗೆದ್ದು ತನ್ನ ಜನರಿಗೆ ಮಹಾ ಸಂತೋಷವನ್ನುಂಟುಮಾಡಿದಳು. ಆಕೆ ಚಿಕ್ಕಂದಿನಿಂದ ಬೆಳೆದದ್ದೂ ಈಜು ಕಲಿತದ್ದೂ ಲಂಡನ್ನಿನಲ್ಲಿ. ಅವಳ ಶ್ರಮವನ್ನು ಇದರಿಂದ ಕಡಿಮೆಮಾಡುವದು ನಮ್ಮ ಉದ್ದೇಶವಲ್ಲ. ಹತ್ತು ವರುಷ ದಿನಾಲೂ ಕೋಳಿ ಕೂಗುವ ಮುಂಚೆ ಎದ್ದು ತಣ್ಣೀರಿಗೆ ಇಳಿಯುವದನ್ನು ಯಾವ ಐಶ್ವರ್ಯವೂ ಕೊಂಡುಕೊಡಲಾರದು. ಆದರೆ ಆ ತಣ್ಣೀರು ಅವಳಿಗೆ ಸಿಕ್ಕಿದ್ದು ದಾನವಾಗಿ. ಗೆಲುವಿನಲ್ಲಿ ದುಡಿದದ್ದು ಎಷ್ಟು, ಪಡೆದದ್ದು ಎಷ್ಟು ಎಂದು ವಿಂಗಡಿಸುವ ಯಂತ್ರವನ್ನು ಇನ್ನೂ ಯಾರೂ ಮಾಡಿಲ್ಲ. ಹೀಗಿರುವದರಿಂದ ನಮ್ಮ ತೀರ್ಪೇನಂದರೆ, ಪಂದ್ಯವು ನಿಂತವರ ನಡುವೆ ಸತ್ಯವನ್ನೇ ಹೇಳುತ್ತದೆ. ನಿಲ್ಲಲಾರದೆ ಹೋದವರ ವಿಷಯದಲ್ಲಿ ಅದು ಏನನ್ನೂ ಹೇಳುವದಿಲ್ಲ. ‘ಕೋಲಾರದವರಿಗೆ ಈಜು ಬಾರದು’ ಎಂದು ಯಾರಾದರೂ ಪದಕಗಳ ಪಟ್ಟಿಯಿಂದ ಓದಿದರೆ, ಬರೆಯದೆ ಇದ್ದದ್ದನ್ನು ಓದಿದಂತಾಗುವದು.

ನಮ್ಮ ಸೀಮೆಯ ಸಂಗತಿಯಾದರೋ ಇನ್ನೂ ವಿಚಿತ್ರವಾದದ್ದು. ಇಲ್ಲಿ ವರುಷವೆಲ್ಲಾ ಹರಿಯುವ ಹೊಳೆಯಿಲ್ಲ. ಪಾಲಾರು ಈ ಜಿಲ್ಲೆಯನ್ನು ಹಾದು ಹೋಗುವದಾದರೂ ಮಳೆಗಾಲ ಕಳೆದರೆ ಬರೀ ಮರಳು. ಗಣಿಯ ಊರಿಗೆ ಬೇತಮಂಗಲದ ಕೆರೆಯಿಂದ ನೀರು ತರಬೇಕಾಯಿತು. ಮೇಲೆ ಹೆಂಗಸರು ಕೊಡಗಳ ಸಾಲಿನಲ್ಲಿ ನಿಂತಿರುವಾಗ, ಕೆಳಗೆ ಮೂರು ಕಿಲೋಮೀಟರಿಗೂ ಮಿಕ್ಕಿ ಆಳವಾದ ಗಣಿಗಳಿಂದ ಒಸರುವ ನೀರನ್ನು ಯಂತ್ರಗಳು ಹಗಲಿರುಳು ಹೊರಗೆ ಹಾಕುತ್ತಿದ್ದವು. 2001ನೆಯ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು, ಯಂತ್ರಗಳು ನಿಂತವು, ನೀರು ತನ್ನಷ್ಟಕ್ಕೆ ತಾನೇ ಏರಿ ಆ ಸುರಂಗಗಳನ್ನು ತುಂಬಿತು. ಅಪ್ಪಂದಿರು ದುಡಿದ ಸ್ಥಳವು ಈಗ ಯಾರೂ ಈಜಲಾರದ ಕತ್ತಲೆಯ ಕೆರೆಯಾಗಿದೆ.

ಗಣಿಯ ಸುತ್ತಣ ಹಳ್ಳಿಗಳಲ್ಲಿ ಹಿಂದೆ ಬಾವಿಗಳಿದ್ದವು. ಮೆಟ್ಟಲುಗಳುಳ್ಳ ದೊಡ್ಡ ತೋಟದ ಬಾವಿಗಳು. ಇಳಿಯುವ ಹಕ್ಕಿದ್ದವರ ಮಕ್ಕಳು ಅವುಗಳಲ್ಲಿ ಈಜು ಕಲಿತರು. ಸೊಂಟಕ್ಕೆ ಹಗ್ಗ ಕಟ್ಟಿ, ಬೆನ್ನಿಗೆ ಒಣಗಿದ ಸೋರೆಬುರುಡೆಯನ್ನೋ ಬೆಂಡನ್ನೋ ಬಿಗಿದು, ಮಾವನೋ ಅಣ್ಣನೋ ಮೇಲಿಂದ ನೂಕುವದು. ಹುಡುಗನು ಕೂಗಾಡಿ, ನೀರು ಕುಡಿದು, ಎರಡು ವಾರದಲ್ಲಿ ಮೀನಾಗುವದು. ಬರಬರುತ್ತಾ ಬಾವಿಗಳು ಬತ್ತಿದವು. ಬೋರ್‌ವೆಲ್ಲುಗಳು ಸಾವಿರ ಅಡಿಯನ್ನೂ ದಾಟಿ ಇಳಿದವು. ಕೈಯಲ್ಲಿ ಮುಟ್ಟುವ ನೀರು ಇಲ್ಲವಾದಾಗ ಕಲಿಸುವ ಮಾವನೂ ಇಲ್ಲದೆ ಹೋದನು. ಹೀಗೆ ಒಂದು ತಲೆಮಾರು ನೀರನ್ನು ಕೊಳಾಯಿಯಲ್ಲಿಯೂ ಟ್ಯಾಂಕರಿನಲ್ಲಿಯೂ ಮಾತ್ರ ಕಂಡು ಬೆಳೆಯಿತು.

ಆಮೇಲೆ ನೀರು ತಿರುಗಿ ಬಂತು. 2014ರಿಂದ ಕೃಷಿ ಭಾಗ್ಯ ಯೋಜನೆಯ ಸಹಾಯದಿಂದ ಹೊಲಗಳಲ್ಲಿ ಹೊಂಡಗಳಾದವು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧಮಾಡಿ ನಮ್ಮ ಜಿಲ್ಲೆಯ ಕೆರೆಗಳಿಗೆ ಬಿಡಲಾರಂಭಿಸಿದರು. ಕುಡಿಯುವದಕ್ಕಲ್ಲ, ಅಂತರ್ಜಲ ಏರುವದಕ್ಕೆ. ರೈತರಿಗೆ ಇವುಗಳಿಂದಾದ ಉಪಕಾರವನ್ನು ಅಲ್ಲಗಳೆಯಲಾಗದು. ಆದರೆ ಹೊಂಡಕ್ಕೆ ಮೆಟ್ಟಲಿಲ್ಲ. ನೀರು ಇಂಗದಂತೆ ಒಳಗೆಲ್ಲಾ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ. ಅದು ಪಾಚಿ ಹಿಡಿದು ಎಣ್ಣೆ ಹಚ್ಚಿದಂತಿರುತ್ತದೆ. ಬಿದ್ದ ಮಗು ದಡಕ್ಕೆ ಒಂದು ಮೊಳ ದೂರದಲ್ಲಿದ್ದರೂ ಹಿಡಿಯಲು ಏನೂ ಇಲ್ಲದೆ ಜಾರಿ ಜಾರಿ ಒಳಕ್ಕೇ ಹೋಗುತ್ತದೆ. ಈಜು ಮರೆತ ಮಕ್ಕಳ ಮಧ್ಯಕ್ಕೆ ಹಿಡಿಯಿಲ್ಲದ ನೀರು ಬಂತು. ಅಜ್ಜಿಯ ಮೊಮ್ಮಗನು ಸತ್ತದ್ದು ಹೀಗೆಯೇ. ಹೊಂಡವನ್ನು ಅಗೆಯುವಾಗ ಬೇಲಿಯನ್ನೂ ಈಜನ್ನೂ ಸೇರಿಸಿ ಲೆಕ್ಕ ಹಾಕದವರು ತಪ್ಪಿದರೆಂದು ನಾವು ಸ್ಪಷ್ಟವಾಗಿ ಹೇಳುತ್ತೇವೆ. ಆ ಲೆಕ್ಕವನ್ನು ಕೇಳದೆ ಇದ್ದ ನಾವೂ ತಪ್ಪಿದವರೇ.

2021ರಲ್ಲಿ ಲೋಕದಲ್ಲಿ ಸುಮಾರು 3 ಲಕ್ಷ ಮಂದಿ ನೀರಿನಲ್ಲಿ ಮುಳುಗಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜುಮಾಡಿದೆ. ಹಾಗಾದರೆ ಪದಕದ ಈಜನ್ನು ಬಿಟ್ಟು ಪ್ರಾಣದ ಈಜಿಗೇ ದುಡ್ಡೆಲ್ಲವನ್ನೂ ಹಾಕಬೇಕೋ? ಕೆಲವರು ಹಾಗೆನ್ನುವರು. ನಮಗೆ ಇವೆರಡೂ ಅಷ್ಟು ದೂರದವುಗಳೆಂದು ತೋರುವದಿಲ್ಲ. ಬೆಂಗಳೂರಿನಲ್ಲಿ ಹುಟ್ಟಿದ ನಿಶಾ ಮಿಲ್ಲೆಟ್ ಎಂಬಾಕೆಯು ಐದು ವರುಷದ ಮಗುವಾಗಿದ್ದಾಗ ನೀರಿನಲ್ಲಿ ಮುಳುಗಿ ಸಾಯುವದರಲ್ಲಿದ್ದಳು. ಆ ಭಯವನ್ನು ಬಿಡಿಸಬೇಕೆಂದೇ ತಂದೆಯು ಆಕೆಗೆ ಈಜು ಕಲಿಸಿದನು. 1999ರಲ್ಲಿ ಮಣಿಪುರದ ರಾಷ್ಟ್ರೀಯ ಕೂಟದಲ್ಲಿ ಆಕೆ ಹದಿನಾಲ್ಕು ಚಿನ್ನ ಗೆದ್ದಳು. 2000ದಲ್ಲಿ ಸಿಡ್ನಿಯ ಒಲಿಂಪಿಕ್ಸಿಗೆ ಹೋದಳು. ಬಳಿಕ ಇತರರ ಮಕ್ಕಳಿಗೆ ಕಲಿಸುವ ಶಾಲೆಯನ್ನು ಇಟ್ಟಳು. ಪದಕದ ಬೇರನ್ನು ಅಗೆದು ನೋಡಿದರೆ ಕೆಳಗೆ ಒಬ್ಬ ತಂದೆಯ ಹೆದರಿಕೆ ಸಿಕ್ಕಿತು. ಇದಲ್ಲದೆ ವರ್ಲ್ಡ್ ಗೇಮ್ಸ್ ಎಂಬ ಕೂಟದಲ್ಲಿ, ನೀರಿನ ತಳದಲ್ಲಿಟ್ಟ ಮನುಷ್ಯಾಕಾರದ ಬೊಂಬೆಯನ್ನು ಎತ್ತಿ ಈಜುತ್ತಾ ಎಳೆದು ತರುವದೇ ಒಂದು ಪಂದ್ಯವಾಗಿದೆ. ನಮ್ಮ ಜಿಲ್ಲೆಯ ಕೂಟಗಳಲ್ಲಿಯೂ ಇಂಥದೊಂದನ್ನು ಇಟ್ಟರೆ ನಾವು ಮೊದಲ ಸಾಲಿನಲ್ಲಿ ಕುಳಿತು ನೋಡುವೆವು.

25 ಲಕ್ಷ ಲೀಟರಿನ ಕೊಳವಿಲ್ಲದೆ ಇದಾಗದೆಂದು ಯಾರೂ ಹೇಳದಿರಲಿ. ಬಂಗ್ಲಾದೇಶದ ಹಳ್ಳಿಗಳಲ್ಲಿ ಊರ ಕೊಳದೊಳಗೇ ಬಿದಿರಿನ ಅಟ್ಟವನ್ನು ಇಳಿಸಿ, ಅದರ ಚೌಕದೊಳಗೆ ಮಕ್ಕಳನ್ನು ನಿಲ್ಲಿಸಿ ಈಜು ಕಲಿಸುತ್ತಾರೆ.

ಇನ್ನೊಂದು ಕಠಿನವಾದ ಮಾತನ್ನು ಹೇಳದೆ ಇರಲಾರೆವು. ಮುಳುಗುತ್ತಿರುವವನನ್ನು ಕಂಡು, ಈಜು ಬಾರದ ಅಣ್ಣನು ಹಾರುತ್ತಾನೆ; ಅವನ ಹಿಂದೆ ತಾಯಿ ಹಾರುತ್ತಾಳೆ. ಒಂದು ಹೆಣದ ಬದಲು ಮೂರು. ಊರವರು ಅವರ ಪ್ರೀತಿಯನ್ನು ಹೊಗಳುತ್ತಾರೆ. ನಾವೂ ಹೊಗಳದೆ ಇರಲಾರೆವು. ಆದರೆ ದಡದಲ್ಲಿ ನಿಂತು ಸೀರೆಯ ತುದಿಯನ್ನೋ ಖಾಲಿ ಕ್ಯಾನನ್ನೋ ಎಸೆದವನು ಹೇಡಿಯೋ? ನಮ್ಮಲ್ಲಿ ಹಾಗೆನ್ನುವವರು ಉಂಟು. ಹಾರಲಿಲ್ಲವೆಂದು ಬದುಕಿರುವ ತನಕ ಚುಚ್ಚುವವರೂ ಉಂಟು. ಮುಳುಗುವವನು ಸಿಕ್ಕಿದ್ದನ್ನು ಬಿಗಿಯಾಗಿ ಅಪ್ಪಿಕೊಳ್ಳುವನು. ಅವನಿಗೆ ಸಿಕ್ಕಬೇಕಾದದ್ದು ತೇಲುವಂಥದು. ಪ್ರೀತಿಯು ಕಣ್ಣು ಮುಚ್ಚಿ ಹಾರಿದಾಗಲೇ ದೊಡ್ಡದೆಂದು ನಾವು ನಂಬುವದಿಲ್ಲ. ನಿನ್ನೆಯೇ ಹೊಂಡದ ನಾಲ್ಕು ಮೂಲೆಗೂ ಹಗ್ಗ ಕಟ್ಟಿಟ್ಟವನ ಪ್ರೀತಿಯನ್ನು ಯಾರೂ ಕಾಣುವದಿಲ್ಲ. ಯಾಕಂದರೆ ಅವನ ಹೊಂಡದಲ್ಲಿ ಯಾರೂ ಸಾಯುವದಿಲ್ಲ.

ಕೆಲವು ತಿಂಗಳ ಮೇಲೆ ನಾವು ತಿರುಗಿ ಆ ಹಳ್ಳಿಗೆ ಹೋದೆವು. ಅಜ್ಜಿಯ ಮನೆಯ ಹೊಲದ ಹೊಂಡಕ್ಕೆ ಮುಳ್ಳುತಂತಿಯ ಬೇಲಿಯಾಗಿತ್ತು. ಎರಡು ಹಳೆಯ ಟಯರುಗಳನ್ನು ಹಗ್ಗಕ್ಕೆ ಕಟ್ಟಿ ಒಳಗೆ ಇಳಿಬಿಟ್ಟಿದ್ದರು. ಯಾರು ಮಾಡಿಸಿದರೆಂದು ಕೇಳಲು ನಮಗೆ ಧೈರ್ಯ ಸಾಲಲಿಲ್ಲ. ಜಗಲಿಯಲ್ಲಿ ಕುಳಿತು, ಮುಳುಗಿ ಬದುಕಿದ ಆ ಬೆಂಗಳೂರಿನ ಮಗುವಿನ ಕಥೆಯನ್ನು ಅಜ್ಜಿಗೆ ಹೇಳಿದೆವು. ಚಿನ್ನಗಳೆಷ್ಟು ಎಂದು ಆಕೆ ಕೇಳಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು, “ತಿರುಗಾ ನೀರಿಗೆ ಇಳಿಸಿದ ದಿನ ಅವರಪ್ಪನ ಕೈ ನಡುಗಿರಬೇಕಲ್ವಾ ಅಯ್ಯನೋರೇ?” ಎಂದಳು.